ಗಾಡಿಯಲ್ಲಿ ಬೆರೆಯುವ ಕಸಕ್ಕೆ ಮನೆಗೆ ದಂಡವೇ?

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಕಂಡಕಂಡಲ್ಲಿ ಕಸ ಎಸೆಯುವವರನ್ನು ಪತ್ತೆಹಚ್ಚಿ, ಅವರ ಮನೆಮುಂದೆಯೇ ಕಸ ಸುರಿದು ದಂಡ ಹಾಕುವ ಕಾರ್ಯಾಚರಣೆ 2025ರ ಅಕ್ಟೋಬರ್‌ನಲ್ಲಿ ದೊಡ್ಡ ಸುದ್ದಿಯಾಯಿತು. ಟಿ.ವಿ.ಗೆ ಒಳ್ಳೆಯ ದೃಶ್ಯ. ಬೀದಿಗೆ ಎಸೆಯುವವರಿಗೆ ದಂಡ ಬೀಳಲಿ, ತಕರಾರಿಲ್ಲ. ಆದರೆ ಶಿಸ್ತಾಗಿ ಬೇರ್ಪಡಿಸಿ ಕೊಡುವ ಮನೆಗಳ ಕಸವೂ ಕೊನೆಗೆ ಒಂದೇ ರಾಶಿಗೆ ಬಂದು ಬೀಳುತ್ತಿದೆಯಲ್ಲ, ಅದಕ್ಕೆ ದಂಡ ಯಾರಿಗೆ?

ನಿಯಮಗಳಿಗೇನೂ ಕೊರತೆಯಿಲ್ಲ. ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಯನ್ನು ಹೈಕೋರ್ಟ್ 2015ರ ಡಿಸೆಂಬರ್‌ನಲ್ಲೇ ಕಡ್ಡಾಯ ಮಾಡಿತ್ತು: ಹಸಿರು ಬುಟ್ಟಿಗೆ ಹಸಿಕಸ, ಕೆಂಪು ಬುಟ್ಟಿಗೆ ಸ್ಯಾನಿಟರಿ ಕಸ, ಚೀಲಕ್ಕೆ ಒಣಕಸ. ಮರುವರ್ಷ ಬಂದ ಕೇಂದ್ರದ ಘನತ್ಯಾಜ್ಯ ನಿರ್ವಹಣಾ ನಿಯಮಗಳೂ ಮನೆಯಲ್ಲೇ ಮೂರು ಭಾಗ ಮಾಡಿ ಎಂದವು. ಮನೆಯಲ್ಲಿ ಮೂರಾದದ್ದಕ್ಕೆ ಗಾಡಿಯಲ್ಲೂ ಮೂರು ಜಾಗ ಬೇಕಲ್ಲವೇ?

ಲೆಕ್ಕ ಹಾಕಿ ನೋಡಿ. ಒಂದು ಆಟೊ ಟಿಪ್ಪರಿಗೆ ಸುಮಾರು 750 ಮನೆ ಎಂಬುದು ಇಲ್ಲಿನ ರೂಢಿ. ಮನೆಗೆ ದಿನಕ್ಕೆ ಒಂದು ಕಿಲೊ ಹಸಿಕಸ ಎಂದುಕೊಂಡರೂ ಮುಕ್ಕಾಲು ಟನ್. ಆ ಗಾಡಿ ಹೊರುವುದೇ ಹೆಚ್ಚುಕಡಿಮೆ ಅಷ್ಟು. ಒಣಕಸದ್ದು ಬೇರೆ ಸಮಸ್ಯೆ, ತೂಕ ಕಡಿಮೆ, ಗಾತ್ರ ಜಾಸ್ತಿ. ಹಾಗಾಗಿ ಸಹಾಯಕರು ಗಾಡಿಯ ಹಿಂದೆ ಚೀಲ ನೇತುಹಾಕಿ ರಟ್ಟು, ನೀರಿನ ಬಾಟಲಿ, ಹಾಲಿನ ಕವರ್‌ನಂಥ ಗುಜರಿಯಲ್ಲಿ ಕಾಸು ಹುಟ್ಟುವ ವಸ್ತುಗಳನ್ನು ಮಾತ್ರ ಅದಕ್ಕೆ ಹಾಕುತ್ತಾರೆ. ಬಿಸ್ಕತ್ತಿನ ಹೊದಿಕೆ, ಚಿಪ್ಸ್ ಪೊಟ್ಟಣ, ಥರ್ಮಾಕೋಲ್ ಎಲ್ಲ ಹಸಿಕಸದ ಮೇಲೆ. ಅವರಿಗೆ ಸಿಗುವ ಸಂಬಳ ನೋಡಿದರೆ ಬೈಯುವುದಕ್ಕೂ ಮನಸ್ಸು ಬರುವುದಿಲ್ಲ.

ಅಲ್ಲಿಂದ ಮುಂದಿನದು ಕಾಂಪ್ಯಾಕ್ಟರ್. ರಸ್ತೆಬದಿಯಲ್ಲಿ ನಿಂತ ಆ ಲಾರಿಗೆ ಟಿಪ್ಪರ್‌ಗಳು ಒಂದರ ಹಿಂದೊಂದು ಬಂದು ಬಗ್ಗಿಸುತ್ತವೆ, ಯಂತ್ರ ಒತ್ತುತ್ತದೆ. ಕಾಂಪ್ಯಾಕ್ಟರ್ ತಯಾರಾಗಿರುವುದೇ ಗಾತ್ರ ಕುಗ್ಗಿಸಲು. ನೀರೇ ಹೆಚ್ಚಿರುವ ಹಸಿಕಸವನ್ನು ಒತ್ತಿದರೆ ಕುಗ್ಗುವುದು ಅಲ್ಪ, ಹಿಂಡಿ ಬರುವುದು ಕಪ್ಪು ರಸ. ದ್ವಿಚಕ್ರ ಸವಾರರು ಜಾರಿ ಬೀಳುವುದು ಅದರ ಮೇಲೆಯೇ. ಅದೇ ಒತ್ತಡದಲ್ಲಿ ಸಾರು, ಮೊಸರು ಕಾಗದಕ್ಕೆ ಇಳಿಯುತ್ತವೆ, ಅನ್ನ ಪ್ಲಾಸ್ಟಿಕ್ಕಿನ ಮಡಿಕೆಗಳೊಳಗೆ ಸೇರುತ್ತದೆ. ಅಲ್ಲಿಗೆ ಮುಗಿಯಿತು. ನೆನೆದ ಕಾಗದವನ್ನು ಕಾರ್ಖಾನೆ ಕೊಳ್ಳುವುದಿಲ್ಲ. ಸುಡಲು ಕಳಿಸಿದರೂ ಅಷ್ಟೇ: ಕಿಲೊಗೆ 1,500 ಕಿಲೊಕ್ಯಾಲರಿ ಅಥವಾ ಅದಕ್ಕಿಂತ ಹೆಚ್ಚು ಶಾಖ ಕೊಡುವ, ಮರುಬಳಕೆಯಾಗದ ಕಸವನ್ನು ಇಂಧನಕ್ಕೆ ಬಳಸಿ ಎಂದಿದ್ದವು 2016ರ ನಿಯಮಗಳು. ಅರ್ಧಕ್ಕರ್ಧ ನೀರಿರುವ ಕಸದಲ್ಲಿ ಉರಿಯ ಗಣನೀಯ ಪಾಲು ಆ ನೀರನ್ನು ಆವಿ ಮಾಡುವುದರಲ್ಲೇ ಖರ್ಚು. ಬಿಡದಿಯಲ್ಲಿ ಕಸ ಸುಟ್ಟು ವಿದ್ಯುತ್ ತಯಾರಿಸುವ ಘಟಕ ಕಟ್ಟಿಕೊಂಡಿರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಗೊಬ್ಬರದ ಕಥೆ ಇನ್ನೂ ಸೂಕ್ಷ್ಮ. ಹಸಿಕಸ ಚೆನ್ನಾಗಿ ಗೊಬ್ಬರವಾಗಬೇಕಾದರೆ ತೇವಾಂಶ ಶೇ 50–60 ಇರಬೇಕು, ಇಂಗಾಲ–ಸಾರಜನಕದ ಪ್ರಮಾಣ 25–30ಕ್ಕೆ 1 ಇರಬೇಕು, ರಾಶಿಯ ಒಳಗೆ 55 ಡಿಗ್ರಿ ದಾಟಿದ ಬಿಸಿ ಕೆಲವು ದಿನ ನಿಲ್ಲಬೇಕು, ವಾರಕ್ಕೊಮ್ಮೆ ಮಗುಚಬೇಕು. ಬರೀ ಅಡುಗೆಮನೆಯ ಕಸದಲ್ಲಿ ನೀರೂ ಸಾರಜನಕವೂ ಹೆಚ್ಚು. ಒಣ ಎಲೆಯನ್ನೋ ಮರದ ಹೊಟ್ಟನ್ನೋ ಬೆರೆಸದಿದ್ದರೆ ಗಾಳಿಯಾಡದೆ ಕೊಳೆತು ನಾರುತ್ತದೆ. ಅತ್ತ ಅದೇ ನಗರದಲ್ಲಿ ಉದುರಿದ ಎಲೆಗೆ ಬೀದಿಯಲ್ಲೇ ಬೆಂಕಿ ಹಾಕುತ್ತಿರುತ್ತಾರೆ! ಕಸದ ರಾಶಿಯಲ್ಲಿ ಪ್ಲಾಸ್ಟಿಕ್ ಹಾಳೆ ಇದ್ದರೆ ಅದರ ಕೆಳಗೆ ಗಾಳಿ ಹೋಗುವುದಿಲ್ಲ. ಎಳನೀರಿನ ಬುರುಡೆ ಇದ್ದರೆ ಅದರ ನಾರು ಚೂರು ಮಾಡುವ ಯಂತ್ರದ ಹಲ್ಲಿಗೆ ಸುತ್ತಿಕೊಳ್ಳುತ್ತದೆ. ಡೈಪರ್ ಒಡೆದರೆ ಒಳಗಿನ ಅಂಟಂಟು ಪುಡಿ ಜರಡಿಯ ಕಣ್ಣು ಮುಚ್ಚುತ್ತದೆ. ಒಡೆದ ಟ್ಯೂಬ್‌ಲೈಟ್, ಹಳೆಯ ಸೆಲ್ ಬಿದ್ದರಂತೂ ಜರಡಿಯೂ ಕಾಪಾಡದು. ನಗರ ಕಸದ ಗೊಬ್ಬರದಲ್ಲಿ ಸೀಸ ಕಿಲೊಗೆ 100 ಮಿಲಿಗ್ರಾಂ, ಪಾದರಸ 0.15 ಮಿಲಿಗ್ರಾಂ ಮೀರಕೂಡದು ಎಂದು ರಸಗೊಬ್ಬರ ನಿಯಂತ್ರಣ ಆದೇಶದಲ್ಲಿದೆ. ರೈತ ಪ್ರಯೋಗಾಲಯಕ್ಕೆ ಹೋಗುವುದಿಲ್ಲ, ಒಂದು ಹಿಡಿ ತೆಗೆದು ನೋಡುತ್ತಾನೆ. ಗಾಜಿನ ಚೂರು ಕಂಡರೆ ಚೀಲ ವಾಪಸ್.

ಮನೆಯವರು ಮಾಡಬೇಕಾದದ್ದೂ ಇದೆ. ಹಾಲಿನ ಕವರನ್ನೇ ತೆಗೆದುಕೊಳ್ಳಿ. ಒಳ್ಳೆಯ ಪ್ಲಾಸ್ಟಿಕ್, ಕೊಳ್ಳುವವರಿದ್ದಾರೆ. ಆದರೆ ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆದರೆ ಆ ಉಗುರಿನಷ್ಟು ತುಂಡು ಹಸಿಕಸಕ್ಕೆ ಸೇರುತ್ತದೆ, ಯಾರ ಕೈಗೂ ಸಿಗುವುದಿಲ್ಲ, ಕೊನೆಗೆ ಗೊಬ್ಬರದಲ್ಲಿ ತೇಲುತ್ತದೆ. ಅರ್ಧ ಕತ್ತರಿಸಿ, ತುಂಡು ಅಂಟಿಕೊಂಡೇ ಇರಲಿ. ಬಳಿಕ ಒಂದು ಲೋಟ ನೀರಿನಲ್ಲಿ ಅಲ್ಲಾಡಿಸಿ, ಆ ನೀರನ್ನು ಗಿಡಕ್ಕೆ ಹಾಕಿ, ಕವರನ್ನು ಒಣಗಿಸಿ ಇಡಿ. ತೊಳೆಯದ ಕವರ್ ಚೀಲದಲ್ಲಿ ಎರಡು ದಿನ ಇದ್ದರೆ ಇಡೀ ಚೀಲ ವಾಸನೆ ಹಿಡಿಯುತ್ತದೆ, ಒಣಕಸ ಕೇಂದ್ರದಲ್ಲಿ ಅದನ್ನು ಬಿಚ್ಚಿ ಕೂರುವ ಹೆಂಗಸರ ಕೈಗೆ ಹುಳು ಬರುತ್ತದೆ. ಪ್ಯಾಡ್, ಡೈಪರ್‌ಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ. ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿದರೆ ಒಳಗೇನಿದೆ ಎಂದು ತಿಳಿಯಲು ಯಾರಾದರೂ ಬಿಚ್ಚಲೇಬೇಕಾಗುತ್ತದೆ.

ಶುಲ್ಕದ ಮಾತು. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯೊಂದಿಗೆ ಕಸದ ಶುಲ್ಕವೂ ಬಂತು: 600 ಚದರ ಅಡಿವರೆಗಿನ ಮನೆಗೆ ತಿಂಗಳಿಗೆ 10 ರೂಪಾಯಿ, 4,000 ಚದರ ಅಡಿ ದಾಟಿದರೆ 400 ರೂಪಾಯಿ. ಅಳೆಯುವುದು ಕಟ್ಟಡವನ್ನು, ಕಸವನ್ನಲ್ಲ. ಬೇರ್ಪಡಿಸುವ ಮನೆಗೂ ಬೆರೆಸುವ ಮನೆಗೂ ಒಂದೇ ದರ. ಗುತ್ತಿಗೆಯಲ್ಲೂ ಇದೇ ತಪ್ಪು ಮರುಕಳಿಸಬಾರದು. ಟ್ರಿಪ್ ಲೆಕ್ಕದಲ್ಲೋ ಒಟ್ಟು ಟನ್ ಲೆಕ್ಕದಲ್ಲೋ ಹಣ ಕೊಟ್ಟರೆ ನೆನೆದ, ಬೆರೆತ ಕಸಕ್ಕೇ ಲಾಭ, ನೀರಿಗೂ ತೂಕವಿದೆ.

ಹಾಗಾಗಿ ದಂಡದ ಪುಸ್ತಕ ತೆರೆಯುವ ಮುನ್ನ ಪಾಲಿಕೆಗಳು ಇಷ್ಟು ಮಾಡಲಿ. ಹಸಿಕಸ ದಿನವೂ ಹೋಗಲಿ, ಒಣಕಸಕ್ಕೆ ವಾರದಲ್ಲಿ ಎರಡು ದಿನ ಬೇರೆಯೇ ಗಾಡಿ ಬರಲಿ; ಒಣಕಸ ಮೂರು ದಿನ ಮನೆಯಲ್ಲಿದ್ದರೂ ಕೆಡುವುದಿಲ್ಲ. ಪ್ರತಿ ಟಿಪ್ಪರಿನಲ್ಲೂ ಸ್ಯಾನಿಟರಿ ಕಸಕ್ಕೆ ಮುಚ್ಚಳವಿರುವ ಡ್ರಮ್ ಇರಲಿ. ಹಸಿಕಸದ ಕಾಂಪ್ಯಾಕ್ಟರಿಗೆ ಬೇರೇನೂ ಬೀಳದಂತೆ ನೋಡಿಕೊಳ್ಳಲು ಬಗ್ಗಿಸುವ ಜಾಗದಲ್ಲೇ ಒಬ್ಬ ಮೇಲ್ವಿಚಾರಕರು ನಿಲ್ಲಲಿ, ಬೆರೆತ ಟಿಪ್ಪರನ್ನು ಅಲ್ಲೇ ತಡೆಯಲಿ. ಗುತ್ತಿಗೆದಾರರ ಬಿಲ್ಲಿನಲ್ಲಿ ಹಸಿ, ಒಣ, ಸ್ಯಾನಿಟರಿ ಎಂದು ಮೂರು ತೂಕದ ಚೀಟಿ ಇರಲೇಬೇಕು, ಬೆರೆತ ಕಸಕ್ಕೆ ದರ ಕಡಿತವಾಗಬೇಕು. ಆ ಮೂರು ತೂಕಗಳನ್ನು ಪ್ರತಿ ವಾರ್ಡ್ ಕಚೇರಿಯ ಮುಂದಿನ ಹಲಗೆಯ ಮೇಲೆ ವಾರವಾರ ಬರೆಯಲಿ. ಒಣಕಸದ ತೂಕ ಸೊನ್ನೆಯ ಹತ್ತಿರವಿರುವ ವಾರ್ಡಿನಲ್ಲಿ ಮೊದಲ ನೋಟಿಸ್ ಗಾಡಿಯವರಿಗೆ ಹೋಗಲಿ, ಎರಡನೆಯದು ಮನೆಗಳಿಗೆ.

– ಓದುಗರೊಬ್ಬರು, ಬೆಂಗಳೂರು