ನಾರ್ವೆ ಪ್ರವಾಸದಲ್ಲಿ ಬದಲಾವಣೆ: ಫಾಂಟೊಫ್ಟ್ ಬದಲು ಬೋರ್ಗುಂಡ್

ಮಾನ್ಯ ಗ್ರಾಹಕರೇ, ನಮಸ್ಕಾರ.

ಈ ಬೇಸಿಗೆಯ ನಾರ್ವೆ ಪ್ರವಾಸಕ್ಕೆ ಹೆಸರು ಕೊಟ್ಟವರು ದಯವಿಟ್ಟು ಗಮನಿಸಿ. ಬೆರ್ಗೆನ್ ನಗರದ ಫಾಂಟೊಫ್ಟ್ ಮರದ ಚರ್ಚನ್ನು ಕೈಬಿಟ್ಟಿದ್ದೇವೆ. ಅದರ ಬದಲು ಲಾರ್ಡಾಲ್ ಸೀಮೆಯ ಬೋರ್ಗುಂಡ್ ಚರ್ಚಿಗೆ ಕರೆದೊಯ್ಯುತ್ತೇವೆ.

ನಮ್ಮ ಹಳೆಯ ಕರಪತ್ರದಲ್ಲಿ ಫಾಂಟೊಫ್ಟ್ ಎಂಟು ನೂರು ವರ್ಷ ಹಳೆಯದೆಂದು ಅಚ್ಚಾಗಿತ್ತು. ಅದು ತಪ್ಪು. ಸುಮಾರು 1150ರಲ್ಲಿ ಫೋರ್ಟೂನ್ ಎಂಬಲ್ಲಿ ಕಟ್ಟಿ, 1883ರಲ್ಲಿ ಬಿಚ್ಚಿ ತಂದು ನಿಲ್ಲಿಸಿದ್ದ ಆ ಚರ್ಚು 1992ರ ಜೂನ್ 6ರಂದು ಕಿಡಿಗೇಡಿಗಳು ಇಟ್ಟ ಬೆಂಕಿಗೆ ಸುಟ್ಟುಹೋಯಿತು. ಈಗಿರುವುದು 1997ರಲ್ಲಿ ಮುಗಿದ ಹೊಸ ಕಟ್ಟಡ. ಕಟ್ಟಿದವರ ಕೆಲಸ ಅಚ್ಚುಕಟ್ಟಾಗಿದೆ, ಆದರೆ ಹಳೆಯ ಮರ ನೋಡಲು ಬಂದವರಿಗೆ ನಾವು ನಿಜ ಹೇಳಬೇಕಿತ್ತು. ಈಗಾಗಲೇ ಹೋಗಿಬಂದವರಲ್ಲಿ ಕ್ಷಮೆ ಕೇಳುತ್ತೇವೆ.

ಬೋರ್ಗುಂಡ್‌ನಲ್ಲಿ ನಿಂತಿರುವುದು 1180ರ ಆಸುಪಾಸಿನಲ್ಲಿ ಕಡಿದ ಪೈನ್ ಮರವೇ. ಇಂಥ ಕಂಬದ ಚರ್ಚುಗಳು ನಾರ್ವೆಯಲ್ಲಿ ಉಳಿದಿರುವುದು 28 ಮಾತ್ರ. ಅಲ್ಲಿ ಮೊದಲು ಕಂಬದ ಬುಡ ನೋಡಿ. ಅದಕ್ಕೂ ಹಿಂದಿನವರು ಕಂಬವನ್ನು ನೆಲದಲ್ಲೇ ಹೂಳುತ್ತಿದ್ದರು, ಬುಡ ಕೊಳೆಯುತ್ತಿತ್ತು. ಇಲ್ಲಿ ಕಲ್ಲಿನ ಮೇಲೆ ಅಡಿತೊಲೆ, ಅಡಿತೊಲೆಯ ಮೇಲೆ ಕಂಬ. ಮರಕ್ಕೆ ಮಣ್ಣು ತಾಗುವುದೇ ಇಲ್ಲ. ನಮ್ಮ ಹಳೆ ಮನೆಗಳ ಜಗುಲಿ ಕಂಬದ ಕೆಳಗೆ ಕಲ್ಲು ಇಟ್ಟಿರುವುದೂ ಇದೇ ಕಾರಣಕ್ಕೆ. ಗೋಡೆ, ಮಾಡಿಗೆಲ್ಲ ಪೈನ್ ಮರದಿಂದ ಇಳಿಸಿದ ಟಾರು. ಊರಲ್ಲಿ ಪಕಾಸಿಗೆ ಗೇರೆಣ್ಣೆ ಬಳಿದ ಹಾಗೆ, ಅದನ್ನೂ ಮತ್ತೆ ಮತ್ತೆ ಬಳಿಯುತ್ತಲೇ ಇರಬೇಕು. ಬಿಸಿಲಿಗೆ ಅದರ ಹೊಗೆವಾಸನೆ ಅಂಗಳದಲ್ಲೇ ಮೂಗಿಗೆ ಬಡಿಯುತ್ತದೆ. ಪಡುವಣ ಬಾಗಿಲ ಬಳಿ ಥೋರಿರ್ ಎಂಬಾತ ಸಂತ ಓಲಾವನ ಹಬ್ಬದ ಹಿಂದಿನ ಸಂಜೆ ಕೊರೆದ ರೂನ್ ಎಂಬ ಹಳೆಯ ನಾರ್ಡಿಕ್ ಲಿಪಿಯ ಅಕ್ಷರಗಳಿದ್ದವು. ದಾರಿಹೋಕನೊಬ್ಬ ಹೆಸರು ಬಿಟ್ಟುಹೋದ ಹಾಗೆ.

1868ರಲ್ಲಿ ಪಕ್ಕದಲ್ಲೇ ಹೊಸ ಚರ್ಚು ಎದ್ದಾಗ ಹಳೆಯದು ಬೇಡವಾಗಬಹುದಿತ್ತು. 1877ರಲ್ಲಿ ನಾರ್ವೆಯ ಪುರಾತನ ಸ್ಮಾರಕ ಸಂರಕ್ಷಣಾ ಸಂಘ ಅದನ್ನು ಕೊಂಡುಕೊಂಡಿತು. ಇಂದಿಗೂ ಒಡೆತನ ಸಂಘದ್ದೇ.

ಬೆರ್ಗೆನ್‌ನಿಂದ ಬಸ್ಸಿನಲ್ಲಿ ಮೂರು ಗಂಟೆಗೂ ಮೀರಿದ ದಾರಿ. ನಡುವೆ 24.5 ಕಿ.ಮೀ. ಉದ್ದದ ಲಾರ್ಡಾಲ್ ಸುರಂಗ ಸಿಗುತ್ತದೆ. ಕತ್ತಲೆ, ಇಕ್ಕಟ್ಟು ಆಗದವರು ಮುಂಚೆಯೇ ತಿಳಿಸಿ. ಸಮಯ ಹೊಂದಿಸಲು ಬೆರ್ಗೆನ್‌ನ ಮಧ್ಯಾಹ್ನದ ಖರೀದಿ ಬಿಟ್ಟಿದ್ದೇವೆ. ದರ ಹೆಚ್ಚಿಸಿಲ್ಲ. ಈ ಬದಲಾವಣೆ ಒಪ್ಪಿಗೆಯಾಗದವರಿಗೆ ಮುಂಗಡ ಪೂರ್ತಿ ಹಿಂದಿರುಗಿಸುತ್ತೇವೆ. ತಿಂಗಳ ಕೊನೆಯೊಳಗೆ ನಮ್ಮ ಮಂಗಳೂರು ಕಚೇರಿಗೆ ಫೋನ್ ಮಾಡಿ.

ಇಂತಿ ತಮ್ಮ ವಿಶ್ವಾಸಿಗಳು,
ಪ್ರವಾಸ ವಿಭಾಗ