ಬೆಳಗಿನವರೆಗೆ ಜೊತೆಗಿದ್ದ ಅಕ್ಕನಿಗೆ

ನಿನ್ನೆ ಮಧ್ಯಾಹ್ನ ನನ್ನ ಪಿಎಚ್‌ಡಿಯ ವೈವಾ, ಅಂದರೆ ಮೌಖಿಕ ಪರೀಕ್ಷೆ, ಮುಗಿಯಿತು. ಪ್ರಬಂಧ ಒಪ್ಪಿಗೆಯಾಗಿದೆ, ಸಣ್ಣಪುಟ್ಟ ತಿದ್ದುಪಡಿಗಳಷ್ಟೇ ಬಾಕಿ. ಆಗಿನಿಂದ ಫೋನಿಗೆ ಬಿಡುವಿಲ್ಲ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವಷ್ಟು ತ್ರಾಣ ಇನ್ನೂ ಬಂದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ದೊಡ್ಡ ಆಘಾತ ಕಂಡವರ ಮೆದುಳಿನ ಸ್ಕ್ಯಾನ್ ಮಾಡಿ ಅಧ್ಯಯನ ನಡೆಸುತ್ತ ಕಳೆದ ಆರು ವರ್ಷ ಹೇಗಿತ್ತು, ನಡುವೆ ಕೆಲವು ತಿಂಗಳು ಯಾಕೆ ಎಲ್ಲವನ್ನೂ ನಿಲ್ಲಿಸಿದೆ ಎನ್ನುವುದು ಇದನ್ನು ಓದುವ ಹೆಚ್ಚಿನವರಿಗೆ ಗೊತ್ತೇ ಇದೆ. ಅದನ್ನು ಮತ್ತೆ ಹೇಳುವುದಿಲ್ಲ.

ಮಾರ್ಗದರ್ಶಕರು, ಲ್ಯಾಬಿನ ಗೆಳೆಯರು, ನನ್ನ ಲೆಕ್ಕದಲ್ಲಿ ತಪ್ಪು ಹುಡುಕಿ ಹುಡುಕಿ ತೋರಿಸಿಕೊಟ್ಟ ಸಂಖ್ಯಾಶಾಸ್ತ್ರದವರು, ಫೋನ್ ಮಾಡಿದಾಗಲೆಲ್ಲ "ಊಟ ಆಯ್ತಾ" ಎಂದಷ್ಟೇ ಕೇಳಿ ಬೇರೇನೂ ಕೆದಕದ ಅಪ್ಪ ಅಮ್ಮ, ಎಲ್ಲರಿಗೂ ಕೈಮುಗಿದು ವಂದನೆ. ನೀವಿಲ್ಲದೆ ಇದು ಆಗುತ್ತಿರಲಿಲ್ಲ.

ಉಳಿದ ಮಾತೆಲ್ಲ ಒಬ್ಬರಿಗೆ. ನಮ್ಮ ಎಂಆರ್‌ಐ ಯಂತ್ರ ನಡೆಸುವ ತಂತ್ರಜ್ಞೆಗೆ. ನಾವೆಲ್ಲ ಅವರನ್ನು ಕರೆಯುವುದು ಅಕ್ಕ ಎಂದೇ. ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಅವರು "ತಾಂತ್ರಿಕ ಸಿಬ್ಬಂದಿ" ಎಂಬ ಎರಡು ಪದಗಳೊಳಗೆ ಅಡಗಿಹೋಗಿದ್ದಾರೆ. ಅದು ನನಗೆ ಸರಿ ಕಾಣಲಿಲ್ಲ.

ನಮ್ಮ ಕೆಲಸದ ಬಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ದೊಡ್ಡ ಆಘಾತ ಕಂಡು ವರ್ಷಗಳಾದರೂ ಅದರಿಂದ ಹೊರಬರಲಾಗದೆ ನರಳುವವರ ಕಾಯಿಲೆಗೆ ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಸೇರಿದ್ದು 1980ರಲ್ಲಿ. ಅದಾಗಿ ಏಳು ವರ್ಷಕ್ಕೆ ಮನೋವೈದ್ಯ ರೋಜರ್ ಪಿಟ್‌ಮನ್ ಮತ್ತು ಸಂಗಡಿಗರು ವಿಯೆಟ್ನಾಂ ಯುದ್ಧದಿಂದ ಮರಳಿದವರೊಡನೆ ಒಂದು ವಿಧಾನವನ್ನು ಬಳಸಿದರು. ನಾನೂ ಅದೇ ದಾರಿ ಹಿಡಿದೆ. ಭಾಗವಹಿಸುವವರು ತಮಗಾದದ್ದನ್ನು ಹೇಳುತ್ತಾರೆ. ನಾವು ಅದನ್ನು ಅರ್ಧ ನಿಮಿಷದ ಬರಹ ಮಾಡುತ್ತೇವೆ. "ನೀವು ಬಾಗಿಲ ಹತ್ತಿರ ನಿಂತಿದ್ದೀರಿ, ನಿಮ್ಮ ಎದೆ ಹೊಡೆದುಕೊಳ್ಳುತ್ತಿದೆ" ಎಂಬಂತೆ, ಈಗಲೇ ನಡೆಯುತ್ತಿರುವ ಹಾಗೆ. ಭಾವ ತುಂಬದೆ ಅದನ್ನು ಓದಿ ಧ್ವನಿಮುದ್ರಿಸಿಕೊಳ್ಳಬೇಕು. ಅವರು ಸ್ಕ್ಯಾನರಿನೊಳಗೆ ಮಲಗಿದ್ದಾಗ ಕಿವಿಯಲ್ಲಿ ಅದನ್ನೇ ಕೇಳಿಸಬೇಕು. ಓದಿದ ಧ್ವನಿ ನನ್ನದು. ಅಷ್ಟೂ ಜನರ ಬದುಕಿನ ಅತಿ ಕೆಟ್ಟ ಅರ್ಧ ನಿಮಿಷವನ್ನು ನಾನು ಏರಿಳಿತವಿಲ್ಲದ ಧ್ವನಿಯಲ್ಲಿ ಓದಿದ್ದೇನೆ.

ಹಗಲೆಲ್ಲ ಯಂತ್ರ ರೋಗಿಗಳಿಗೆ ಮೀಸಲು. ಸಂಶೋಧನೆಗೆ ಸಿಗುತ್ತಿದ್ದುದು ಸಂಜೆಯ ಮೇಲೆ. ಅಂಥ ಒಂದು ರಾತ್ರಿಯ ಮಾತು ಇದು. ಆ ರಾತ್ರಿ ಸ್ಕ್ಯಾನರಿನಲ್ಲಿ ಮಲಗಿದ್ದವರ ಗುರುತು ಸಿಗುವಂಥ ಏನನ್ನೂ ಬರೆಯುವುದಿಲ್ಲ. ಅವರ ಒಪ್ಪಿಗೆ ಕೇಳಿಯೇ ಇಷ್ಟು ಹೇಳುತ್ತಿದ್ದೇನೆ. ಮೂರನೆಯ ಬರಹ ಶುರುವಾಗಿ ಹತ್ತು ಸೆಕೆಂಡ್ ಆಗಿರಬಹುದು, ಅವರು ಕೈಯಲ್ಲಿದ್ದ ರಬ್ಬರ್ ಚೆಂಡನ್ನು ಹಿಸುಕಿದರು. ತುರ್ತು ಗಂಟೆ ಹೊಡೆಯಿತು. ನಾನು ತಿರುಗಿ ನೋಡುವಷ್ಟರಲ್ಲಿ ಅಕ್ಕ ಸ್ಕ್ಯಾನ್ ನಿಲ್ಲಿಸಿ, ಮೈಕಿನಲ್ಲಿ "ನಿಲ್ಲಿಸಿದ್ದೀನಿ, ಬಂದೆ" ಎಂದು ಒಳಗೆ ಹೋಗಿಯಾಗಿತ್ತು. ಮೇಜನ್ನು ಹೊರಗೆಳೆದು, ಮುಖದ ಮೇಲಿನ ಕಾಯಿಲ್ (ತಲೆಯ ಸುತ್ತ ಕೂರಿಸುವ ಪಂಜರದಂಥ ಸಾಧನ) ತೆಗೆದು, ಮುಟ್ಟಬಹುದೇ ಎಂದು ಕೇಳಿ, ಆಮೇಲೆ ಕೈ ಹಿಡಿದರು. "ಕಣ್ಣು ಬಿಡಿ. ಇಲ್ಲಿ ಏನೇನು ಕಾಣ್ತಿದೆ, ನಂಗೆ ಹೇಳಿ." ಮೊದಲು ಮಾತೇ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಬಂದದ್ದು ಒಂದು ಪದ, "ದೀಪ." ಆಮೇಲೆ "ಕಿಟಕಿ." ಆಮೇಲೆ "ನಿಮ್ಮ ಕನ್ನಡಕ."

ಹಳೆಯದನ್ನು ನೆನೆದಾಗ ಪಿಟಿಎಸ್‌ಡಿ ಇರುವವರ ಮೆದುಳಿನಲ್ಲಿ ಭಯದ ಸುಳಿವು ಹಿಡಿಯುವ ಅಮಿಗ್ಡಲದ ಚಟುವಟಿಕೆ ಹೆಚ್ಚಿ, ಮಾತಿಗೆ ಬೇಕಾದ ಬ್ರೋಕಾ ಭಾಗದಲ್ಲಿ ತಗ್ಗಿದ್ದನ್ನು 1996ರಲ್ಲಿ ಪಿಇಟಿ ಸ್ಕ್ಯಾನಿನ (ಮೆದುಳಿನ ಚಟುವಟಿಕೆ ತೋರಿಸುವ ಇನ್ನೊಂದು ಬಗೆಯ ಸ್ಕ್ಯಾನ್) ಒಂದು ಅಧ್ಯಯನ ತೋರಿಸಿತ್ತು. ಅದರಲ್ಲಿದ್ದವರು ಬರೀ 8 ಜನ. ಸೆಮಿನಾರುಗಳಲ್ಲಿ ಆ ಚಿತ್ರವನ್ನು ಎಷ್ಟೋ ಸಲ ತೋರಿಸಿದ್ದೆ. ಬಾಯಿ ತೆರೆದರೂ ಪದ ಹೊರಡದ ಮುಖವನ್ನು ಹತ್ತಿರದಿಂದ ನೋಡಿರಲಿಲ್ಲ.

ಕರ್ತವ್ಯದಲ್ಲಿದ್ದ ಮನೋವೈದ್ಯರು ಬಂದರು, ಮಾತಾಡಿದರು, ಮನೆಯವರು ಬಂದು ಕರೆದುಕೊಂಡು ಹೋದರು. ಆಮೇಲೆ ನಾನು ಕಂಟ್ರೋಲ್ ಕೋಣೆಯ ನೆಲದ ಮೇಲೆ ಕೂತೆ. ಏಳಲು ಆಗಲಿಲ್ಲ. ಅವರ ಕಿವಿಯೊಳಗಿದ್ದದ್ದು ನನ್ನ ಧ್ವನಿ. ಅವರನ್ನು ಮತ್ತೆ ಆ ಬಾಗಿಲ ಹತ್ತಿರ ನಿಲ್ಲಿಸಿದವಳು ನಾನು. ಇನ್ನು ಇದು ಸಾಕು, ನಾಳೆಯೇ ಬಿಟ್ಟುಬಿಡುತ್ತೇನೆ ಎಂದು ಅಳುತ್ತಲೇ ಹೇಳಿದೆ. ಅಕ್ಕನ ಪಾಳಿ ಯಾವಾಗಲೋ ಮುಗಿದಿತ್ತು. ಅವರು ಬ್ಯಾಗನ್ನು ಕುರ್ಚಿಯ ಮೇಲಿಟ್ಟು, ತಮ್ಮ ಶಾಲನ್ನು ನನಗೆ ಹೊದಿಸಿ, ಪಕ್ಕದಲ್ಲಿ ನೆಲದ ಮೇಲೇ ಕೂತರು. ಆ ಕೋಣೆ ಯಾವಾಗಲೂ ಕೊರೆಯುತ್ತಿರುತ್ತದೆ. "ಏನಾಗಲ್ಲ ಬಿಡು" ಎನ್ನಲಿಲ್ಲ. "ನಿನ್ನ ತಪ್ಪಲ್ಲ" ಎಂದೂ ಅನ್ನಲಿಲ್ಲ. ತುಂಬ ಹೊತ್ತಾದ ಮೇಲೆ ಕೇಳಿದರು: "ನೀನು ಪರದೆ ಮೇಲೆ ಅವರ ತಲೆ ಅಲ್ಲಾಡೋದನ್ನ ನೋಡ್ತಿದ್ದೆ. ಕಾಲು ನೋಡಿದ್ಯಾ?"

ನೋಡಿರಲಿಲ್ಲ.

"ಮೊದಲನೇದು ಶುರುವಾದಾಗಲೇ ಕಾಲ್ಬೆರಳು ಮಡಚಿಕೊಂಡಿದ್ವು. ಎರಡನೇದು ಮುಗಿದ ಮೇಲೂ ಬಿಚ್ಚಲಿಲ್ಲ. ನಾನು ಆವಾಗ್ಲೇ ನಿಲ್ಲಿಸೋಣ ಅನ್ನಬೇಕಿತ್ತು. ಅನ್ನಲಿಲ್ಲ. ಅದು ನಂದೂ ತಪ್ಪು ಕಣೇ."

ಅಷ್ಟು ವರ್ಷದ ಅನುಭವವಿರುವವರು ತಪ್ಪಿನ ಅರ್ಧ ಭಾರವನ್ನು ತಮ್ಮ ಹೆಗಲಿಗೆ ಎಳೆದುಕೊಂಡು ನನ್ನ ಪಕ್ಕ ಕೂತಿದ್ದರು. ಕಿಟಕಿ ಬೆಳ್ಳಗಾಗುವವರೆಗೆ ಕೂತಿದ್ದರು. ಮಾತಾಡಿದ್ದು ಕಡಿಮೆ. ತಾವು ಸ್ಕ್ಯಾನ್ ಮಾಡಿದ ಮಕ್ಕಳ ಬಗ್ಗೆ ಹೇಳಿದರು, ಒಳಗೆ ಹೋಗಲು ಹೆದರಿ ಮರಳಿ ಹೋದ ಒಬ್ಬ ಅಜ್ಜ ಮರುದಿನ ತಾನಾಗಿ ಬಂದದ್ದನ್ನು ಹೇಳಿದರು. ಇದನ್ನು ಬರೆಯುವಾಗಲೂ ನನ್ನ ಕೈ ನಡುಗುತ್ತಿದೆ. ಅವರು ಎದ್ದು ಮನೆಗೆ ಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ನಾನು ಮಾತ್ರ ಈ ಕೆಲಸಕ್ಕೆ ಮರಳುತ್ತಿರಲಿಲ್ಲ.

ಎಫ್‌ಎಂಆರ್‌ಐ, ಅಂದರೆ ಕೆಲಸದಲ್ಲಿರುವ ಮೆದುಳನ್ನು ನೋಡುವ ನಮ್ಮ ಎಂಆರ್‌ಐ ವಿಧಾನ, ಹಿಡಿಯುವುದು ಯೋಚನೆಯನ್ನಲ್ಲ, ಭಯವನ್ನೂ ಅಲ್ಲ. ರಕ್ತದಲ್ಲಿನ ಆಮ್ಲಜನಕದ ಏರಿಳಿತವನ್ನು. ನರಕೋಶಗಳು ಕೆಲಸ ಮಾಡಿ 5-6 ಸೆಕೆಂಡ್ ಕಳೆದ ಮೇಲೆ ಅದು ತುದಿ ಮುಟ್ಟುತ್ತದೆ. ಅದರ ನಡುವೆ ತಲೆ ಒಂದು ಮಿಲಿಮೀಟರಿಗಿಂತ ಕಡಿಮೆ ಅಲುಗಿದರೂ ಲೆಕ್ಕ ಕೆಡುತ್ತದೆ. ಹಾಗಾಗಿ ಅಲುಗಾಡಿದವರ ಸ್ಕ್ಯಾನನ್ನು ತೆಗೆದುಹಾಕುವುದು ನಾವು ಕಲಿತ ಪದ್ಧತಿ, ಅದು ಬೇಕಾದ ಪದ್ಧತಿಯೇ. ಆದರೆ ಹೆಚ್ಚು ಹೆದರಿದವರೇ ಹೆಚ್ಚು ಅಲುಗಿದರೆ? ಯಾರಿಗಾಗಿ ಈ ಅಧ್ಯಯನ ಶುರುವಾಯಿತೋ ಅವರನ್ನೇ ಲೆಕ್ಕದಿಂದ ಹೊರಗಿಟ್ಟ ಹಾಗಾಯಿತಲ್ಲ! ಅಕ್ಕ ಕಾಲ್ಬೆರಳಿನ ಮಾತು ಹೇಳುವವರೆಗೆ ಇದು ನನಗೆ ಹೊಳೆದಿರಲಿಲ್ಲ. ಆಮೇಲೆ ಪ್ರತಿ ಬರಹದ ನಂತರ ನಿಂತು ಮಾತಾಡಿಸಿದೆವು. ಹಿಂದಿನ ದಿನವೇ ಬಂದು ಮಾದರಿ ಸ್ಕ್ಯಾನರಿನಲ್ಲಿ ಮಲಗಿ ನೋಡಲು ಅವಕಾಶ ಮಾಡಿದೆವು. ಯಾರ ಸ್ಕ್ಯಾನ್ ಬಿಟ್ಟೆವು, ಯಾಕೆ ಬಿಟ್ಟೆವು ಎಂದು ಒಂದು ಇಡೀ ಕೋಷ್ಟಕ ಬರೆದೆ. ನಿನ್ನೆ ಪರೀಕ್ಷಕರು ಅತಿ ಹೆಚ್ಚು ಹೊತ್ತು ಚರ್ಚಿಸಿದ್ದು ಆ ಕೋಷ್ಟಕವನ್ನು. ಅಕ್ಕ, ಅದು ನಿಮ್ಮದು.

ಇನ್ನು ಭಾಗವಹಿಸಿದವರಿಗೆ. ನಿಮ್ಮಲ್ಲಿ ಎಷ್ಟೋ ಜನ ಹೊರಡುವ ಮೊದಲು ಒಂದೇ ಪ್ರಶ್ನೆ ಕೇಳಿದಿರಿ: "ನನ್ನ ಮೆದುಳು ಹಾಳಾಗಿದೆಯಾ?" ಆಗ ನಾನು ತಡವರಿಸಿದೆ. ಈಗ ನಿಧಾನವಾಗಿ ಹೇಳುತ್ತೇನೆ. ಪಿಟಿಎಸ್‌ಡಿ ಇರುವವರಲ್ಲಿ ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಸರಾಸರಿಯಲ್ಲಿ ತುಸು ಚಿಕ್ಕದಿರುವುದು ನಿಜ. ಆದರೆ 2002ರಲ್ಲಿ ಪ್ರಕಟವಾದ ಅವಳಿಗಳ ಅಧ್ಯಯನವೊಂದು, ಯುದ್ಧಕ್ಕೆ ಹೋಗಿ ತೀವ್ರ ಪಿಟಿಎಸ್‌ಡಿಗೆ ಒಳಗಾದವರಲ್ಲಷ್ಟೇ ಅಲ್ಲ, ಯುದ್ಧಕ್ಕೆ ಹೋಗದ ಅವರ ತದ್ರೂಪಿ ಅವಳಿ ಸೋದರರಲ್ಲೂ ಅದು ಚಿಕ್ಕದಿದ್ದುದನ್ನು ಕಂಡಿತು. ಅಂದರೆ ಕಡಿಮೆ ಪಕ್ಷ ಆ ವ್ಯತ್ಯಾಸದ ಒಂದು ಪಾಲು ಆಘಾತಕ್ಕೆ ಮೊದಲೇ ಇದ್ದಿರಬಹುದು. ಇದೆಲ್ಲ ಗುಂಪಿನ ಸರಾಸರಿಯ ಮಾತು. ಒಬ್ಬರ ಸ್ಕ್ಯಾನ್ ನೋಡಿ ಇವರಿಗೆ ಪಿಟಿಎಸ್‌ಡಿ ಇದೆ ಎಂದೋ ಇಲ್ಲ ಎಂದೋ ಹೇಳಲು ನಮಗೆ ಇಂದಿಗೂ ಬರುವುದಿಲ್ಲ. ಹಾಳಾಗಿದೆ ಎಂದು ಯಾವ ಚಿತ್ರವೂ ನಿಮ್ಮ ಬಗ್ಗೆ ಹೇಳಿಲ್ಲ. ನನ್ನ ಫಲಿತಾಂಶವೂ ನಾನು ಆಸೆಪಟ್ಟಷ್ಟು ದೊಡ್ಡದಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ. ಆ ಕಿರಿದಾದ ಕೊಳವೆಯೊಳಗೆ, ಆ ಸದ್ದಿನಲ್ಲಿ, ಅಪರಿಚಿತಳೊಬ್ಬಳನ್ನು ನಂಬಿ ಮಲಗಿದಿರಿ. ನಿಮ್ಮ ಋಣ ದೊಡ್ಡದು.

ಆ ರಾತ್ರಿಯ ವ್ಯಕ್ತಿ ಮೂರು ತಿಂಗಳ ನಂತರ ತಾವಾಗಿ ಫೋನ್ ಮಾಡಿದ್ದರು. ಚಿಕಿತ್ಸೆ ಮುಂದುವರಿದಿದೆ ಎಂದರು. ಮತ್ತೆ ಸ್ಕ್ಯಾನಿಗೆ ಬರುವುದಿಲ್ಲ ಎಂದರು, ಬೇಡವೇ ಬೇಡ ಎಂದೆ. ಫೋನಿಡುವ ಮೊದಲು ಕೇಳಿದ್ದು, "ಆ ಕನ್ನಡಕದವರು ಹೇಗಿದ್ದಾರೆ?"

ಅಕ್ಕ, ನಿಮ್ಮ ಶಾಲು ಇನ್ನೂ ನನ್ನ ಹತ್ತಿರವೇ ಇದೆ. ಒಗೆದು ಮಡಿಸಿಟ್ಟಿದ್ದೇನೆ. ಸೋಮವಾರ ಸಂಜೆ ನಿಮ್ಮ ಪಾಳಿ ಎಂದು ಗೊತ್ತಾಯಿತು. ತಂದು ಕೊಡುತ್ತೇನೆ.