ಮಂಟಪದ ಸದ್ದು ಅಳೆಯುವ ಮೈಕ್ ಸರಿಯಿದೆಯೇ?

ಮಾನ್ಯ ಸಂಪಾದಕರೇ,

ಮಡಿಕೇರಿ ದಸರಾದ ರಾತ್ರಿ ಮೆರವಣಿಗೆಯಲ್ಲಿ ಸಾಗುವ ಹತ್ತು ದೇವಾಲಯಗಳ ದಶಮಂಟಪಗಳ ಸದ್ದು ಮಿತಿ ಮೀರಿತೆಂದು ಒಬ್ಬರು, ಇಲ್ಲವೆಂದು ಇನ್ನೊಬ್ಬರು ವಾದಿಸುವಾಗ ಮೊದಲು ನೋಡಬೇಕಾದ್ದು ಅಳತೆಯ ಮೈಕನ್ನು. 2000ರ ಶಬ್ದ ಮಾಲಿನ್ಯ ನಿಯಮದಂತೆ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಮೊಬೈಲ್ ಆ್ಯಪ್ ತೋರಿಸುವ ಅಂಕಿ ಇಂಥ ತಕರಾರಿನಲ್ಲಿ ನಿಲ್ಲುವುದಿಲ್ಲ. ಕನಿಷ್ಠ ಕ್ಲಾಸ್ 2, ಸಾಧ್ಯವಾದರೆ ಇನ್ನೂ ನಿಖರವಾದ ಕ್ಲಾಸ್ 1 ಸೌಂಡ್ ಲೆವೆಲ್ ಮೀಟರ್ (ಸದ್ದು ಅಳೆಯುವ ಉಪಕರಣ) ಬೇಕು.

ಈ ಮೀಟರ್ ಸರಿ ತೋರಿಸುತ್ತದೆಯೇ ಎಂದು ಪರೀಕ್ಷಿಸುವ ಕ್ಯಾಲಿಬ್ರೇಟರ್ 1000 ಹರ್ಟ್ಸ್‌ನಲ್ಲಿ 94 ಡೆಸಿಬಲ್, ಅಂದರೆ 1 ಪ್ಯಾಸ್ಕಲ್ ಒತ್ತಡದ ಸದ್ದು ಕೊಡುತ್ತದೆ. ಅರ್ಧ ಇಂಚಿನ ಮೈಕನ್ನು ಅದರೊಳಗೆ ನಿಧಾನ ತೂರಿಸಬೇಕು. ರಭಸದಿಂದ ತಳ್ಳಿದರೆ ಒಳಗಿನ ಗಾಳಿ ಒತ್ತಿ ಮೈಕಿನ ಡಯಾಫ್ರಂ (ಸದ್ದಿಗೆ ಅದುರುವ ತೆಳು ಪೊರೆ) ಕೆಡಬಹುದು. ರಬ್ಬರ್ ರಿಂಗ್ ಸೀಳಿದ್ದರೆ ಸದ್ದು ಸೋರಿ ರೀಡಿಂಗ್ ತಗ್ಗುತ್ತದೆ. ಅಂಕಿ ನೆಲೆಗೊಂಡ ಮೇಲಷ್ಟೇ ಮೀಟರನ್ನು ಹೊಂದಿಸಬೇಕು. ಕೆಲವು ಮೈಕ್‌ಗಳಿಗೆ ತಯಾರಕರೇ 93.8ಕ್ಕೆ ಹೊಂದಿಸಲು ಹೇಳಿರುತ್ತಾರೆ, ಕೈಪಿಡಿ ನೋಡಿ.

ನಮ್ಮ ಜಿಲ್ಲೆಯಲ್ಲಿ ಎಡವಟ್ಟಾಗುವುದು ಇನ್ನೊಂದು ಬಗೆಯ ಕ್ಯಾಲಿಬ್ರೇಟರ್ ಆದ ಪಿಸ್ಟನ್‌ಫೋನ್ ಬಳಸಿದಾಗ. ಅದು 250 ಹರ್ಟ್ಸ್‌ನಲ್ಲಿ 124 ಡೆಸಿಬಲ್ ಕೊಡುವುದು ಸಮುದ್ರಮಟ್ಟದ ಗಾಳಿಯೊತ್ತಡದಲ್ಲಿ, ಅಂದರೆ 101.3 ಕಿಲೋಪ್ಯಾಸ್ಕಲ್‌ನಲ್ಲಿ. ಸುಮಾರು 1150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಒತ್ತಡ 88ರ ಆಸುಪಾಸು. ಪಿಸ್ಟನ್‌ಫೋನಿನ ಸದ್ದೂ ಸುಮಾರು 1.2 ಡೆಸಿಬಲ್ ಇಳಿಯುತ್ತದೆ. ಇದನ್ನು ಗಮನಿಸದೆ ಮೀಟರನ್ನು 124ಕ್ಕೇ ಏರಿಸಿದರೆ ರಾತ್ರಿಯಿಡೀ ಅಷ್ಟು ಹೆಚ್ಚಿಗೆ ತೋರಿಸುತ್ತದೆ. ಇದಕ್ಕಿಂತ ತಗ್ಗಿನಲ್ಲಿರುವ ಕುಶಾಲನಗರದಲ್ಲಿ ವ್ಯತ್ಯಾಸ ಇನ್ನೂ ಕಡಿಮೆ, ಹಾಗಾಗಿ ಊರೂರಿಗೆ ಬ್ಯಾರೋಮೀಟರ್ ನೋಡಿಯೇ ತಿದ್ದಬೇಕು. ಇದಕ್ಕಿಂತ ದೊಡ್ಡ ತಪ್ಪೂ ಇದೆ: ಮೀಟರ್, ಕಿವಿಯಂತೆ ಕೆಳಸ್ವರಗಳನ್ನು ತಗ್ಗಿಸಿ ಅಳೆಯುವ 'ಎ' ಸೆಟ್ಟಿಂಗ್‌ನಲ್ಲಿದ್ದರೆ 250 ಹರ್ಟ್ಸ್ ಸದ್ದು 8.6 ಡೆಸಿಬಲ್ ಕಡಿಮೆ ಕಾಣುತ್ತದೆ. ಪಿಸ್ಟನ್‌ಫೋನ್ ಹಾಕುವಾಗ ಕೆಳಸ್ವರಗಳನ್ನು ಅಷ್ಟಾಗಿ ತಗ್ಗಿಸದ 'ಸಿ'ಗೆ ಬದಲಿಸಲೇಬೇಕು.

ಮಂಜು ಇನ್ನೊಂದು ತೊಂದರೆ. ಎಸಿ ಕಾರಿನಿಂದ ತಣ್ಣಗಿನ ಮೈಕನ್ನು ನೇರ ಹೊರತೆಗೆದರೆ ಒಳಗೆ ನೀರು ಕಟ್ಟಿ ಚಟಪಟ ಸದ್ದು ಬರುತ್ತದೆ, ಮೀಟರ್ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಸಿಲಿಕಾ ಜೆಲ್ ಡಬ್ಬಿಯಲ್ಲಿಟ್ಟು, ಅರ್ಧ ಗಂಟೆ ಮೊದಲೇ ಹೊರಗಿನ ಹವೆಗೆ ಒಗ್ಗಿಸಬೇಕು. ಫೋಮ್ ವಿಂಡ್‌ಸ್ಕ್ರೀನ್ ಒದ್ದೆಯಾದರೆ ಬದಲಿಸಬೇಕು. ಮೈಕ್ ಕೈಯಲ್ಲಿ ಬೇಡ, ನೆಲದಿಂದ 1.2ರಿಂದ 1.5 ಮೀಟರ್ ಎತ್ತರಕ್ಕೆ, ಗೋಡೆಗಳಿಂದ ಆದಷ್ಟು ದೂರ ಟ್ರೈಪಾಡ್ ಮೇಲಿರಲಿ.

ಅಳತೆ ಮುಗಿದ ಮೇಲೂ ಕ್ಯಾಲಿಬ್ರೇಟರ್ ಹಾಕಿ ನೋಡಬೇಕು. ಮೊದಲಿಗೂ ಕೊನೆಗೂ 0.5 ಡೆಸಿಬಲ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ನಡುವಿನ ಅಳತೆಯನ್ನು ಕೈಬಿಡಬೇಕು.

ಇನ್ನೊಂದು ಮಾತು. ಹಳೆಯ ಮನೆಗಳ ಕಿಟಕಿ ಅದುರಿಸುವುದು ಕೆಳಸ್ವರದ ಸ್ಪೀಕರ್ ಆದ ಸಬ್‌ವೂಫರ್‌ನ 50 ಹರ್ಟ್ಸ್ ಸದ್ದು. 'ಎ' ಅಳತೆ ಅದನ್ನು 30 ಡೆಸಿಬಲ್ ತಗ್ಗಿಸಿ ತೋರಿಸುತ್ತದೆ, 'ಸಿ' ತಗ್ಗಿಸುವುದು ಒಂದೂಕಾಲರಷ್ಟೇ. ನಿಯಮಕ್ಕೆ 'ಎ' ಬೇಕು, ನಿಜ. ಆದರೂ ಜಿಲ್ಲಾಡಳಿತ ಈ ಬಾರಿ ಎರಡನ್ನೂ ದಾಖಲಿಸಿ, ಕ್ಯಾಲಿಬ್ರೇಷನ್ ಹಾಳೆಯ ಪ್ರತಿಯನ್ನು ಮಂಟಪ ಸಮಿತಿಗಳಿಗೂ ದೂರುದಾರರಿಗೂ ಕೊಡಲಿ.

— ಧ್ವನಿ ತಂತ್ರಜ್ಞರು, ಮಡಿಕೇರಿ